ಬಾಯಿ ಬಿಟ್ಟರೆ ಬಣ್ಣಗೇಡು

ಒಂದನೇ ಕ್ಲಾಸಿನಿಂದ ಇಂಜಿನಿಯರಿಂಗ್ ಮುಗಿಯುವ ತನಕ ನಾನು ಕಲಿತ ವಿದ್ಯೆಯ ಸಾರವೆಲ್ಲ ಒಂದೇ ಅಪ್ಪಣೆಯಲ್ಲಿದೆ: ಕೈ ಕಟ್, ಬಾಯ್ ಮುಚ್. ಕಟ್ಟಿಸಿದ ಕೈಯನ್ನು ಪರೀಕ್ಷೆಯ ದಿನ ಮೂರು ಗಂಟೆಯ ಮಟ್ಟಿಗೆ ಬಿಚ್ಚಿಸುತ್ತಿದ್ದರು. ಬಾಯಿಗೆ ಆ ಭಾಗ್ಯವೂ ಇರಲಿಲ್ಲ.

ಬಿಚ್ಚಿದ ಕೈ ಮಾಡುತ್ತಿದ್ದ ಕೆಲಸವೇನು ಸಾಮಾನ್ಯವೇ! ಉತ್ತರ ಗೊತ್ತಿದ್ದರೆ ಬರೆಯುವುದು, ಗೊತ್ತಿಲ್ಲದಿದ್ದರೆ ಇನ್ನೂ ಉದ್ದ ಬರೆಯುವುದು. ಪ್ರಶ್ನೆಯನ್ನೇ ತಿರುಗಿಸಿ ಮೊದಲ ವಾಕ್ಯ ಮಾಡುವುದು, ಅದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುವುದು. ‘ವಿತ್ ಎ ನೀಟ್ ಸ್ಕೆಚ್’ ಎಂದು ಕೇಳಿದ್ದರೆ ಒಂದು ಡಬ್ಬಿ ಬರೆದು, ನಾಲ್ಕು ಬಾಣ ಬಿಟ್ಟು, ಬಾಣಗಳಿಗೆ ನಾಮಕರಣ ಮಾಡುವುದು. ಎಲ್ಲಿಯೋ ಕುಳಿತ ಯಾರೋ ಪುಣ್ಯಾತ್ಮರು ಅದಕ್ಕೆ ಅಂಕ ಕೊಡುತ್ತಿದ್ದರು. ಅಂಥ ಪುಣ್ಯಾತ್ಮರಲ್ಲಿ ನಮ್ಮಪ್ಪನೂ ಒಬ್ಬರು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಉಪನ್ಯಾಸಕರಾಗಿದ್ದ ಅವರು ಪ್ರತಿ ಬೇಸಿಗೆಯಲ್ಲಿ ವ್ಯಾಲ್ಯುಯೇಷನ್ನಿಗೆ ಹೋಗಿ, ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದರು.

ಬಾಯಿಪರೀಕ್ಷೆ ನಮಗೆ ಗೊತ್ತೇ ಇರಲಿಲ್ಲ ಎಂದಲ್ಲ. ಲ್ಯಾಬಿನ ಕೊನೆಗೆ ವೈವಾ ಇರುತ್ತಿತ್ತು. ಎಕ್ಸ್‌ಟರ್ನಲ್ಲು ಗೋಡಂಬಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಏನೋ ಕೇಳುತ್ತಿದ್ದರು, ನಾವು ನೆಲ ನೋಡುತ್ತಿದ್ದೆವು, ಪಕ್ಕದಲ್ಲಿದ್ದ ಇಂಟರ್ನಲ್ಲು ‘ಒಳ್ಳೇ ಹುಡುಗಿ ಸಾರ್, ಸ್ವಲ್ಪ ಭಯ’ ಅನ್ನುತ್ತಿದ್ದರು. ಭಯಕ್ಕೂ ಮಾರ್ಕ್ಸ್ ಇತ್ತು.

ಇಷ್ಟು ತಯಾರಿಯೊಂದಿಗೆ ನಾನು ಸಿವಿಲ್ ಇಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡಲು ಇಟಲಿಗೆ ಹೋದೆ. ಅಲ್ಲಿ ಪರೀಕ್ಷೆ ಅಂದರೆ ಬಹುಮಟ್ಟಿಗೆ ಮಾತೇ. ಕೆಲವು ವಿಷಯಗಳಿಗೆ ಮೊದಲು ಲಿಖಿತ ಪರೀಕ್ಷೆಯೂ ಉಂಟು. ಆದರೆ ಅದರಲ್ಲಿ ಪಾಸಾದವರಿಗೆ ಸಿಗುವ ಬಹುಮಾನವೆಂದರೆ ಬಾಯಿಪರೀಕ್ಷೆಗೆ ಕೂರುವ ಯೋಗ! ಒಟ್ಟು ಅಂಕ 30, ಪಾಸಾಗಲು 18. ಮೂವತ್ತಕ್ಕೆ ಮೂವತ್ತು ಬಂದಮೇಲೂ ಪ್ರಾಧ್ಯಾಪಕರ ಮನಸ್ಸು ತುಂಬಿ ತುಳುಕಿದರೆ ‘ಲೋದೆ’ ಎಂಬ ಪ್ರಶಂಸೆಯನ್ನು ಅದರ ಬಾಲಕ್ಕೆ ಕಟ್ಟುತ್ತಾರೆ. ವರ್ಷದಲ್ಲಿ ಹಲವು ಸಲ ಪರೀಕ್ಷೆಯ ದಿನಗಳು ಬರುತ್ತವೆ. ಒಂದೊಂದಕ್ಕೂ ‘ಅಪೆಲ್ಲೊ’ ಎಂದು ಹೆಸರು. ಈ ಅಪೆಲ್ಲೊ ತಪ್ಪಿದರೆ ಮುಂದಿನ ಅಪೆಲ್ಲೊ.

ಇದಕ್ಕಿಂತ ಘೋರವೆಂದರೆ, ಬಾಯಿಪರೀಕ್ಷೆ ಸಾರ್ವಜನಿಕ. ಒಬ್ಬರು ಎದುರು ಕುಳಿತು ಬೇಯುತ್ತಿದ್ದರೆ ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಅಲ್ಲಿಯ ಹುಡುಗರೋ, ಕೈಯನ್ನೂ ಕಟ್ಟಿದವರಲ್ಲ, ಬಾಯನ್ನೂ ಮುಚ್ಚಿದವರಲ್ಲ. ಒಬ್ಬ ತೊಲೆಯ ಬಾಗುವಿಕೆಯನ್ನು ತನ್ನ ಎರಡೂ ತೋಳಿನಲ್ಲಿ ಬಾಗಿಸಿ ತೋರಿಸಿದ. ಇನ್ನೊಬ್ಬಳು ಕಾಂಕ್ರೀಟಿನ ಬಿರುಕನ್ನು ವಿವರಿಸಿದ ಆವೇಶಕ್ಕೆ ಪ್ರಾಧ್ಯಾಪಕರ ಕನ್ನಡಕ ಹಾರುವುದರಲ್ಲಿತ್ತು.

ಈ ಪದ್ಧತಿ ಇಂದು ನಿನ್ನೆಯದಲ್ಲ. ಪಡುವಾ ವಿಶ್ವವಿದ್ಯಾಲಯದ ಹಳೆಯ ಕಟ್ಟಡದಲ್ಲಿ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬಾಕೆಯ ಪ್ರತಿಮೆಯಿದೆ. 1678ರ ಜೂನ್ 25ರಂದು ಆಕೆ ಡಾಕ್ಟರೇಟ್ ಪರೀಕ್ಷೆಗೆ ನಿಂತಾಗ ನೋಡಲು ಬಂದ ಜನ ವಿಶ್ವವಿದ್ಯಾಲಯದಲ್ಲಿ ಹಿಡಿಸದೆ, ಪರೀಕ್ಷೆಯನ್ನೇ ಊರಿನ ಕೆಥೀಡ್ರಲ್ಲಿಗೆ ಸಾಗಿಸಬೇಕಾಯಿತಂತೆ. ಅರಿಸ್ಟಾಟಲನ ಕೃತಿಗಳಿಂದ ಆರಿಸಿಕೊಟ್ಟ ಭಾಗಗಳನ್ನು ಅಷ್ಟೂ ಜನರ ಮುಂದೆ ಲ್ಯಾಟಿನ್ನಿನಲ್ಲಿ ವಿವರಿಸಿ ಆಕೆ ಪದವಿ ಪಡೆದಳು. ವಿಶ್ವವಿದ್ಯಾಲಯದಿಂದ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಹೆಣ್ಣೆಂದು ಹೆಸರಾದಳು. ನಮ್ಮಲ್ಲಿಯ ಮೂರು ಗಂಟೆಯ ಮೌನಕ್ಕೆ ಬ್ರಿಟಿಷರ ಋಣವಿದೆ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಅವರು ತೆರೆದ ವಿಶ್ವವಿದ್ಯಾಲಯಗಳ ಮುಖ್ಯ ಕಸುಬೇ ಪರೀಕ್ಷೆ ನಡೆಸಿ ಪದವಿ ಕೊಡುವುದಾಗಿತ್ತು.

ಮೊದಲ ಅಪೆಲ್ಲೊದಲ್ಲಿ ಹಿಂದಿನ ಬೆಂಚಿನಿಂದ ಒಂದು ಅದ್ಭುತ ಕಂಡೆ. ಪ್ರಾಧ್ಯಾಪಕರು ಒಬ್ಬ ಹುಡುಗನಿಗೆ ‘24. ಒಪ್ಪಿಗೆಯೇ?’ ಎಂದು ಕೇಳಿದರು. ಅವನು ಸಂತೆಯಲ್ಲಿ ಬದನೆಕಾಯಿಯನ್ನು ಹಿಚುಕಿ ನೋಡಿ ಮತ್ತೆ ರಾಶಿಗೇ ಹಾಕುವವನಂತೆ ಮುಖ ಮಾಡಿ, ‘ಬೇಡ, ಮುಂದಿನ ಸಲ ಬರುತ್ತೇನೆ’ ಎಂದು ಬ್ಯಾಗು ಹೆಗಲಿಗೇರಿಸಿ ಹೊರಟ. ಪ್ರಾಧ್ಯಾಪಕರಿಗೆ ಬೇಸರವೂ ಆಗಲಿಲ್ಲ. ಒಮ್ಮೆ ಒಪ್ಪಿಕೊಂಡರೆ ಆ ಅಂಕ ಕೊನೆಯವರೆಗೂ ಬೆನ್ನಿಗಿರುತ್ತದಾದ್ದರಿಂದ ಸರಾಸರಿ ಕೆಡಿಸಿಕೊಳ್ಳಲು ಇಷ್ಟವಿಲ್ಲದವರು ಹೀಗೆ ಬೇಡವೆನ್ನುವುದು ಅಲ್ಲಿ ಮಾಮೂಲು.

ರಾತ್ರಿ ಅಪ್ಪನಿಗೆ ಫೋನು ಮಾಡಿದೆ.

“ಕೊಟ್ಟ ಮಾರ್ಕ್ಸ್ ಬೇಡ ಅಂದನಾ? ಫೇಲಾಗಿದ್ನಾ?”

“ಇಲ್ಲಪ್ಪ, ಮೂವತ್ತಕ್ಕೆ ಇಪ್ಪತ್ನಾಲ್ಕು.”

ಆ ಕಡೆ ಲೆಕ್ಕ ನಡೆಯಿತು. “ನೂರಕ್ಕೆ ಎಂಬತ್ತಾಯ್ತಲ್ಲೇ! ಡಿಸ್ಟಿಂಕ್ಷನ್ನು! ಅವರಮ್ಮ ಸುಮ್ನಿದ್ರಾ?”

ಬಾಯಿಪರೀಕ್ಷೆ ಅಪ್ಪನಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ. “ನನ್ನ ಮುಂದೆ ಬರೋ ಪೇಪರಿಗೆ ಹೆಸರಿಲ್ಲ, ಮುಖ ಇಲ್ಲ, ಬರೀ ನಂಬರು. ಯಾರ ಮಗ, ಯಾವ ಜಾತಿ, ಯಾವ ಊರು, ಏನೂ ತಿಳಿಯಲ್ಲ. ಅದು ಕಣೇ ನ್ಯಾಯ. ಎದುರಿಗೆ ಕೂತೋನ ಮುಖ ನೋಡಿ ಅಂಕ ಹಾಕೋದು ಅಂದ್ರೇನು?” ಈ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ಸರದಿ ಬಂದವರ ಪಾಡನ್ನು ನಾನೇ ಕಂಡಿದ್ದೆ. ಆದರೆ ಮುಖವಿಲ್ಲದ ಪೇಪರನ್ನು ತಿದ್ದುವವರಿಗೂ ಮುಖವಿರುವುದಿಲ್ಲ. ಎರಡು ಅಂಕ ಎಲ್ಲಿ ಹೋಯಿತು ಎಂದು ಕೇಳಬೇಕಾದರೆ ರೀವ್ಯಾಲ್ಯುಯೇಷನ್ನಿಗೆ ದುಡ್ಡು ಕಟ್ಟಬೇಕು. ಇಲ್ಲಿ ಅಂಕ ಕೊಡುವವರು ನನ್ನ ಕಣ್ಣಿಗೆ ಕಣ್ಣಿಟ್ಟು, ಎಲ್ಲರಿಗೂ ಕೇಳುವಂತೆ ಕೊಡಬೇಕು.

ಸಾಯಿಲ್ ಮೆಕ್ಯಾನಿಕ್ಸ್‌ನಲ್ಲಿ ನನ್ನ ಸರದಿ ಬಂತು. ಪ್ರಾಧ್ಯಾಪಕಿ ಒಂದು ಬಿಳಿ ಹಾಳೆಯನ್ನು ನನ್ನತ್ತ ಸರಿಸಿ, ಅದರ ಮೇಲೆ ಕ್ಯಾಪು ತೆಗೆದ ಪೆನ್ನಿಟ್ಟು ಕೇಳಿದರು: “ಪೀಸಾದ ಗೋಪುರ ಯಾಕೆ ಬಿದ್ದಿಲ್ಲ?”

ನಾನು ಕಂಠಪಾಠ ಮಾಡಿದ್ದ ‘ಕನ್ಸಾಲಿಡೇಷನ್ ಈಸ್ ಡಿಫೈನ್ಡ್ ಆಸ್’ ಎಂದು ಶುರು ಮಾಡಿದೆ. ಅವರು ಕೈಯೆತ್ತಿ, “ಅದು ಪುಸ್ತಕದಲ್ಲಿದೆ. ಗೋಪುರದ ಸುದ್ದಿ ಹೇಳಿ” ಅಂದರು. ಹಾಳೆ ಬೆಳ್ಳಗೆ ನೋಡುತ್ತಿತ್ತು, ಬೆನ್ನ ಹಿಂದಿನ ಬೆಂಚು ಕಿವಿ ನಿಮಿರಿಸಿತ್ತು. ಮೆಲ್ಲಗೆ ಬಾಯಿ ಬಿಟ್ಟೆ. 1173ರಲ್ಲಿ ಕಟ್ಟಲು ಹಿಡಿದರು. ಅಡಿಗೆ ಮೆತ್ತನೆಯ ಜೇಡಿಮಣ್ಣು. ಮೂರನೇ ಅಂತಸ್ತಿನ ಹೊತ್ತಿಗೆ ಯುದ್ಧಗಳು ಬಂದು ಕೆಲಸ ಸುಮಾರು ನೂರು ವರ್ಷ ನಿಂತಿತು. ಅಷ್ಟರಲ್ಲಿ ಭಾರಕ್ಕೆ ಮಣ್ಣಿನ ನೀರು ಹಿಂಡಿ ಹೋಗಿ ನೆಲ ಗಟ್ಟಿಯಾಯಿತು. ಒಂದೇ ಉಸಿರಿಗೆ ಕಟ್ಟಿದ್ದರೆ ಆಗಲೇ ಮಗುಚಿಕೊಳ್ಳುತ್ತಿತ್ತು. “ನೂರು ವರ್ಷ ಯಾಕೆ ಬೇಕು?” ಎಂದರು. ಜೇಡಿಯಲ್ಲಿ ನೀರು ಬಲು ನಿಧಾನಕ್ಕೆ ಸಾಗುತ್ತದೆ, ಪದರ ಎರಡು ಪಟ್ಟು ದಪ್ಪವಾದರೆ ನಾಲ್ಕು ಪಟ್ಟು ಕಾಲ ಹಿಡಿಯುತ್ತದೆ ಎಂದೆ. ಹೇಳುತ್ತ ಹೇಳುತ್ತ ನೋಡುತ್ತೇನೆ, ನನ್ನ ಎರಡು ಕೈಯೂ ಗಾಳಿಯಲ್ಲಿ ಮಣ್ಣು ಹಿಂಡುತ್ತಿವೆ!

1990ರಲ್ಲಿ ಗೋಪುರ ಮುಚ್ಚಿದ್ದು, ಉತ್ತರದ ಬದಿಯ ಅಡಿಯಿಂದ ಸ್ವಲ್ಪಸ್ವಲ್ಪವೇ ಮಣ್ಣು ತೆಗೆದು ವಾಲುವಿಕೆಯನ್ನು ಐದೂವರೆ ಡಿಗ್ರಿಯಿಂದ ಸುಮಾರು ನಾಲ್ಕಕ್ಕೆ ಇಳಿಸಿದ್ದು, 2001ರಲ್ಲಿ ಮತ್ತೆ ತೆರೆದದ್ದು, ಎಲ್ಲವನ್ನೂ ಹೇಳಿಸಿದರು. ಕೊನೆಗೆ, “ಅಷ್ಟು ಮಾಡಿದವರು ಪೂರ್ತಿ ನೆಟ್ಟಗೆ ಯಾಕೆ ನಿಲ್ಲಿಸಲಿಲ್ಲ?”

“ನೆಟ್ಟಗಾದರೆ ಟಿಕೆಟ್ಟು ಯಾರು ತಗೋತಾರೆ ಮೇಡಂ?” ಎಂದುಬಿಟ್ಟಿತು ನನ್ನ ಬಾಯಿ.

ಹಿಂದಿನ ಬೆಂಚು ಗೊಳ್ಳೆಂದಿತು. ಪ್ರಾಧ್ಯಾಪಕಿಯೂ ನಕ್ಕು, “27. ಒಪ್ಪಿಗೆಯೇ?” ಎಂದರು. ನಮ್ಮ ವಂಶದಲ್ಲೇ ಸಿಕ್ಕ ಅಂಕವನ್ನು ಬಿಟ್ಟವರಿಲ್ಲ. ಅವರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ.

ಬೇಡವೆನ್ನುವ ಹಕ್ಕು ಬಳಸದೆ ಹಾಗೇ ಉಳಿಯಿತು. ಆ ವರ್ಷ ರಜೆಗೆ ಊರಿಗೆ ಬಂದಾಗ ಸೋದರತ್ತೆ ಒಂದು ಸಂಬಂಧ ತಂದಿದ್ದರು. ಹುಡುಗನ ಕಡೆಯವರು ಬಂದು ಕೇಸರಿಬಾತು, ಉಪ್ಪಿಟ್ಟಿನ ನಡುನಡುವೆ ಪ್ರಶ್ನೆ ಹಾಕಿದರು: ಅಡುಗೆ ಬರುತ್ತಾ? ಹಾಡು ಬರುತ್ತಾ? ಮದುವೆ ಆದಮೇಲೂ ಈ ಸೇತುವೆ ಗೀತುವೆ ಇರುತ್ತಾ? ನಮ್ಮ ಹಜಾರದಲ್ಲೂ ಹಿಂದಿನ ಬೆಂಚು ತುಂಬಿತ್ತು. ಮಾರನೆಯ ದಿನ ಹುಡುಗಿ ಒಪ್ಪಿಗೆ ಎಂದು ಹೇಳಿಕಳಿಸಿದರು. ಅತ್ತೆ ಸಕ್ಕರೆ ಡಬ್ಬಿ ಹುಡುಕುತ್ತಿದ್ದಾಗ ನಾನು, “ಈ ಮಾರ್ಕ್ಸ್ ನನಗೆ ಬೇಡ” ಅಂದೆ.

ಅತ್ತೆಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಪೇಪರು ಮಡಿಸಿ, ಕನ್ನಡಕ ತೆಗೆದು ಕೇಳಿದರು: “ಮುಂದಿನ ಅಪೆಲ್ಲೊ ಯಾವಾಗ ಅಂತ ಹೇಳಿಕಳಿಸಲಮ್ಮ?”