ಸೆಕ್ರೆಟರಿ ಸಾರ್

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ರೆಟರಿ ಸಾರ್ ಎಂದು ಕರೆಸಿಕೊಳ್ಳುವವರು ಸಾಮಾನ್ಯವಾಗಿ ಬ್ಯಾಂಕಿನಿಂದಲೋ ಸರ್ಕಾರಿ ಕಾರ್ಖಾನೆಯಿಂದಲೋ ನಿವೃತ್ತರಾದವರು. ಕಚೇರಿ ಇವರನ್ನು ಬೀಳ್ಕೊಟ್ಟಿದ್ದರೂ ಇವರು ಕಚೇರಿಯನ್ನು ಬಿಟ್ಟಿರುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಮೆಟ್ಟಿಲು, ಲಿಫ್ಟ್, ಕಾರಿಡಾರುಗಳು ‘ಸಾಮಾನ್ಯ ಪ್ರದೇಶ’ಗಳು, ಅಂದರೆ ಎಲ್ಲ ಮಾಲೀಕರಿಗೂ ಅವಿಭಕ್ತ ಹಕ್ಕಿರುವ ಜಾಗಗಳು. ಹಕ್ಕು ಬೇಕು, ಹೊಣೆ ಬೇಡ ಎನ್ನುವ ನಿವಾಸಿಗಳು ಈ ಅವಿಭಕ್ತ ಕುಟುಂಬದ ಯಜಮಾನಿಕೆಯನ್ನು ಸೆಕ್ರೆಟರಿಗೆ ಒಪ್ಪಿಸಿ, ತಮ್ಮ ತಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ.

ಸೆಕ್ರೆಟರಿಯ ಆಡಳಿತ ನಡೆಯುವುದು ಮುಖ್ಯವಾಗಿ ನೋಟಿಸುಗಳ ಮೂಲಕ. ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡಕೂಡದೆಂದು ಲಿಫ್ಟಿನೊಳಗೆ ಅಂಟಿಸುವ ಇವರ ಮನೆಯ ಮುಂದೆಯೇ ಒಂದು ಸ್ಟ್ಯಾಂಡ್ ಇರುತ್ತದೆ; ಅದು ‘ತಾತ್ಕಾಲಿಕ’, ಎಂದರೆ ಕಳೆದ ಆಡಳಿತ ಮಂಡಳಿಯ ಕಾಲದಿಂದಲೂ ಅಲ್ಲೇ ಇರುವಂಥದು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿದಾಗ, ಅಲ್ಲಿಯವರೆಗೆ ವಾಚ್‌ಮನ್ ಒಬ್ಬನೇ ಪಾಲಿಸುತ್ತಿದ್ದ ಇವರ ಅಪ್ಪಣೆಗೆ ಸರ್ಕಾರದ ಬಲವೂ ಬಂದಂತಾಯಿತು. ಆ ಬೇಸಿಗೆಯ ಬೆಳಗುಗಳಲ್ಲಿ ಇವರ ವಾಕಿಂಗ್ ಪಾರ್ಕಿನಿಂದ ಬೇಸ್‌ಮೆಂಟಿಗೆ ವರ್ಗವಾಗಿ, ಯಾವ ಕಾರಿನಡಿಯ ನೆಲ ಒದ್ದೆಯಾಗಿದೆ ಎಂಬುದನ್ನು ಬಗ್ಗಿ ಬಗ್ಗಿ ನೋಡುವ ತನಿಖೆಯಾಯಿತು.

ಮಹಾನಗರದ ಮನುಷ್ಯನು ಎಡೆಬಿಡದ ಗದ್ದಲದಿಂದ ತನ್ನನ್ನು ಕಾಪಾಡಿಕೊಳ್ಳಲು ಉದಾಸೀನವನ್ನು ರೂಢಿಸಿಕೊಳ್ಳುತ್ತಾನೆಂದು ಜರ್ಮನ್ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮೆಲ್ 1903ರಲ್ಲೇ ವಿವರಿಸಿದ್ದನು. ಎದುರುಮನೆಯವರ ಹೆಸರನ್ನು ಡೆಲಿವರಿ ಪೊಟ್ಟಣದ ಮೇಲೆ ಓದಿ ತಿಳಿಯುವವರ ನಡುವೆ, ಯಾರ ಮನೆಯ ಮೇಂಟೆನೆನ್ಸ್ ಬಾಕಿ, ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂಬುದನ್ನೆಲ್ಲ ಬಲ್ಲವರು ಸೆಕ್ರೆಟರಿ ಒಬ್ಬರೇ. ಈ ಕುತೂಹಲವನ್ನು ಜನ ಬೈಯುತ್ತಾರಾದರೂ, ಮಧ್ಯರಾತ್ರಿ ಸಂಪು ಬರಿದಾದಾಗ ಟ್ಯಾಂಕರಿನವನ ನಂಬರು ಸಿಗುವುದು ಇವರ ಬಳಿಯೇ.

ವಾರ್ಷಿಕ ಸಭೆಯಲ್ಲಿ ಈ ಸಂಬಂಧದ ನಿಜಸ್ವರೂಪ ಹೊರಬೀಳುತ್ತದೆ. ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಆಮೇಲೆ ಬಂದಷ್ಟು ಜನರನ್ನೇ ಕೋರಂ ಎಂದು ಒಪ್ಪಿಕೊಳ್ಳಲಾಗುತ್ತದೆ. ಲೆಕ್ಕಪತ್ರದ ಮೇಲೆ ಆಕ್ಷೇಪಗಳ ಸುರಿಮಳೆಯಾದಾಗ ಸೆಕ್ರೆಟರಿ ಪ್ರತಿವರ್ಷದಂತೆ ರಾಜೀನಾಮೆ ಘೋಷಿಸುತ್ತಾರೆ; ಅದನ್ನು ಅಂಗೀಕರಿಸಿದವರೇ ಮುಂದಿನ ಸೆಕ್ರೆಟರಿಯಾಗಬೇಕಾದೀತೆಂದು ಅರಿತ ಟೀಕಾಕಾರರು ಒಕ್ಕೊರಲಿನಿಂದ ಅವರ ಸೇವೆಯನ್ನು ಕೊಂಡಾಡಿ ಮರು ಆಯ್ಕೆ ಮಾಡುತ್ತಾರೆ. ಚಪ್ಪಾಳೆಯ ನಂತರ ಹಂಚಿದ ಕೇಸರಿಬಾತ್ ಕೈಯಲ್ಲಿರುವಾಗಲೇ, ‘ಸಾರ್, ಮೂರನೇ ಮಹಡಿ ಲೈಟು ಹೋಗಿ ವಾರ ಆಯ್ತು’ ಎಂಬ ಹೊಸ ವರ್ಷದ ಮೊದಲ ದೂರು ದಾಖಲಾಗುತ್ತದೆ.