ರ‍್ಯಾಮ್ ಮಾಸ್ತರರ ಕೈಗುಣ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳ ಯಾವ ಮನೆಯಲ್ಲೇ ಆಗಲಿ, ಹೊಸದಾಗಿ ಜೋಡಿಸಿದ ಡೆಸ್ಕ್‌ಟಾಪು ಮುಂಜಾನೆ ಏಳದೆ ಹಟ ಹಿಡಿದರೆ ಫೋನು ಹೋಗುವುದು ಕಂಪನಿಗಲ್ಲ, ಮಾಸ್ತರರಿಗೆ. ಅವರು ಸಾಲಿ ಮಾಸ್ತರರೇ ಆಗಿರಬೇಕೆಂದಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಎಲೆಕ್ಟ್ರಿಕಲ್ ಸೆಕ್ಷನ್ನಿನವರಿರಬಹುದು, ಝೆರಾಕ್ಸ್ ಅಂಗಡಿಯವರಿರಬಹುದು, ವಿಂಡೋಸ್ 98ರ ಕಾಲದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಜೊತೆಗೆ ಕಂಪ್ಯೂಟರನ್ನೂ ಕಲಿಸಿದವರಿರಬಹುದು. ಅಂಗಿ ಜೇಬಿನಲ್ಲಿ ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಪೆನ್ಸಿಲ್ ರಬ್ಬರ್. ಕ್ಯಾಬಿನೆಟ್ಟಿನ ಬಾಗಿಲು ತೆಗೆಯುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ: "ರ‍್ಯಾಮ್ ಅದಾರೀ, ಮತ್ತೇನಿಲ್ಲ." ಆಮೇಲಿನದು ವಿಧಿ. ಎರಡೂ ತುದಿಯ ಕ್ಲಿಪ್ ಒತ್ತಿ ರ‍್ಯಾಮ್ ಎತ್ತುವುದು, ಅದರ ಬಂಗಾರದ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ ತಲೆ ಆಡಿಸುವುದು, ರಬ್ಬರಿನಿಂದ ಉಜ್ಜುವುದು, ಉಜ್ಜಿದ ಪುಡಿ ನೇರ ಸ್ಲಾಟಿನೊಳಗೇ ಬೀಳುವುದು, ಅದನ್ನು ಬಾಯಿಂದ ಊದುವುದು, ಟಕ್ ಎನ್ನುವವರೆಗೆ ಒತ್ತುವುದು. ಪರದೆ ಬೆಳಗುತ್ತದೆ. "ಹೇಳಿದ್ನಿಲ್ಲ?" ಎನ್ನುತ್ತಾರೆ. ಮನೆಮಂದಿ ಕೈಗುಣ ಎನ್ನುತ್ತಾರೆ. ನನ್ನ ವಾದ ಇಷ್ಟೇ: ಕೈಗುಣವೇನೋ ಇದೆ, ಆದರೆ ಅದು ಮಾಸ್ತರರ ಕೈಯಲ್ಲಿಲ್ಲ, ರೋಗದಲ್ಲಿದೆ.

ಕೋಲ್ಡ್ ಬೂಟ್ ತೊಂದರೆ ಒಂದು ವಿಚಿತ್ರ ರೋಗ. ರಾತ್ರಿಯಿಡೀ ಬಂದ್ ಇದ್ದ ಯಂತ್ರ ಬೆಳಿಗ್ಗೆ ಮೊದಲ ಸಲ ಗುಂಡಿ ಒತ್ತಿದಾಗ ಮಾತ್ರ ಕೈಕೊಡುತ್ತದೆ. ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಕಪ್ಪು. ಹೇಗೋ ಒಮ್ಮೆ ಎದ್ದಿತೆಂದರೆ ದಿನವಿಡೀ ಹೂವಿನಂತೆ ನಡೆಯುತ್ತದೆ, ರೀಸ್ಟಾರ್ಟ್ ಮಾಡಿದರೂ ಚಕಾರವೆತ್ತುವುದಿಲ್ಲ. ಅಂದರೆ ರೋಗವನ್ನು ಕಣ್ಣಾರೆ ನೋಡಲು ದಿನಕ್ಕೆ ಒಂದೇ ಅವಕಾಶ. ಆ ಅವಕಾಶವನ್ನು ಮನೆಯವರು ಹಲ್ಲುಜ್ಜುವುದರೊಳಗೇ ಖರ್ಚು ಮಾಡಿಬಿಟ್ಟಿರುತ್ತಾರೆ. ಮಾಸ್ತರರು ಬರುವುದು ಡ್ಯೂಟಿ ಮುಗಿದ ಮೇಲೆ, ಸಂಜೆ. "ಈಗ ಚಾಲೂ ಆಗ್ಯಾದ್ರಿ, ಮುಂಜಾನಿ ಆಗಲಿಲ್ಲ" ಎಂದರೆ, "ನಾ ಬಂದೀನಲ್ರೀ, ಅದಕ್ಕ" ಎಂದು ನಗುತ್ತಾರೆ. ನಗೆಯಾಡಿದ್ದಷ್ಟೇ, ಆದರೂ ಒಳಗೊಳಗೆ ಅವರೂ ನಂಬಿರುತ್ತಾರೆ. ಮಿರಗದ ಮಳೆ ತಡವಾದಾಗ ಗುರ್ಜಿ ಹೊತ್ತು ಮನೆಮನೆ ತಿರುಗಿ ತಲೆಗೆ ನೀರು ಹೊಯ್ಯಿಸಿಕೊಳ್ಳುವ ಹುಡುಗರಿಗೆ, ವಾರದೊಳಗೆ ಬಂದ ಮಳೆಯ ಪುಣ್ಯ ಸಲ್ಲುವುದು ಹೀಗೆಯೇ. ಬರುವ ಕಾಲಕ್ಕೆ ಹೊತ್ತದ್ದರಿಂದ ಗುರ್ಜಿಗೆ ಹೆಸರು. ಮಾಘಮಾಸದಲ್ಲಿ ಯಾರೂ ಗುರ್ಜಿ ಹೊರುವುದಿಲ್ಲ.

ಇದಕ್ಕೆ ಸಾಕ್ಷಿ ಬೇಕೆಂದರೆ ಈಗಿನ ಹೊಸ ಯಂತ್ರಗಳನ್ನೇ ನೋಡಬಹುದು. 2022ರ ಸೆಪ್ಟೆಂಬರಿನಲ್ಲಿ ಎಎಂಡಿಯ ರೈಜನ್ 7000 ಸರಣಿಯ ಜೊತೆ ಎಎಂ5 ಸಾಕೆಟ್ ಬಂತು, ಅದಕ್ಕೆ ಡಿಡಿಆರ್5 ರ‍್ಯಾಮ್ ಬಿಟ್ಟರೆ ಬೇರೆಯದು ನಡೆಯುವುದಿಲ್ಲ. ಈ ರ‍್ಯಾಮಿನ ವೇಗ ಎಷ್ಟೆಂದರೆ, ಯಾವ ತಂತಿಯಲ್ಲಿ ಸಂಕೇತ ಎಷ್ಟು ಮುಂಚೆ, ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಮದರ್‌ಬೋರ್ಡು ಮೊದಲು ಅಳೆದು ಹೊಂದಿಸಿಕೊಳ್ಳಬೇಕು. ಅದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತೂ ಪರದೆ ಕಪ್ಪಾಗಿರುತ್ತದೆ, ಬೋರ್ಡಿನ ಮೇಲೆ ಡಿ-ರ‍್ಯಾಮ್ ಎಂಬ ಸಣ್ಣ ದೀಪ ಉರಿಯುತ್ತಿರುತ್ತದೆ. ಜನ ಗಾಬರಿಯಾಗುತ್ತಾರೆಂದು ಕೆಲವು ಬೋರ್ಡುಗಳ ರ‍್ಯಾಮ್ ಸ್ಲಾಟಿನ ಮೇಲೆ ತಯಾರಕರೇ 'ಇಷ್ಟು ಹೊತ್ತು ಕಾಯಿರಿ' ಎಂಬ ಅರ್ಥದ ಚೀಟಿ ಅಂಟಿಸಿ ಕಳಿಸಿದ್ದುಂಟು. ಮಾಸ್ತರರು ಮೊದಲು ಕಿತ್ತೊಗೆಯುವುದು ಆ ಚೀಟಿಯನ್ನು. ಮಾಲೀಕ ಅರ್ಧ ನಿಮಿಷ ಕಾದು ಗುಂಡಿ ಒತ್ತಿ ಹಿಡಿದು ಬಂದ್ ಮಾಡುತ್ತಾನೆ, ಟ್ರೇನಿಂಗ್ ಮತ್ತೆ ಒಂದರಿಂದ ಶುರು. ಮತ್ತೆ ಬಂದ್, ಮತ್ತೆ ಒಂದರಿಂದ. ಕೊನೆಗೆ ಮಾಸ್ತರರು ಬಂದು ರ‍್ಯಾಮ್ ತೆಗೆದು ಉಜ್ಜಿ ಹಾಕಿ ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಚಹಾ ಬರುತ್ತದೆ. ಬಿಸಿ ಇದೆ, ಊದಿ ಊದಿ ಕುಡಿಯಬೇಕು, ನಡುವೆ ಒಂದೆರಡು ಊರ ಸುದ್ದಿ. ಕಪ್ಪು ಕೆಳಗಿಡುವಷ್ಟರಲ್ಲಿ ಪರದೆ ಬಂದಿರುತ್ತದೆ. ಈ ದುರಸ್ತಿಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಚಹಾ. ಎರಡು ದಿನದ ಹಿಂದೆ ಪ್ಲಾಸ್ಟಿಕ್ಕಿನಿಂದ ಬಿಚ್ಚಿದ ರ‍್ಯಾಮಿನ ಮೇಲೆ ಉಜ್ಜಿ ತೆಗೆಯುವಂಥ ಕೊಳೆ ಏನಿರಲು ಸಾಧ್ಯ? ಅಲ್ಲಿರುವುದು ತೆಳ್ಳನೆಯ ಬಂಗಾರದ ಲೇಪ, ರಬ್ಬರಿಗೆ ಸಿಗುವುದು ಅದೊಂದೇ.

ಇನ್ನು ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್. ಹೊಸ ಕಂಪ್ಯೂಟರಿಗೆ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಕೊಳ್ಳುವಾಗ ಸಾಲಕ್ಕೂ ಹಿಂಜರಿಯದ ಮನುಷ್ಯ ಎಸ್‌ಎಂಪಿಎಸ್ಸಿನ ಹತ್ತಿರ ಬಂದಾಗ ಮಿತವ್ಯಯಿಯಾಗುತ್ತಾನೆ. ಹಳೆಯದೇ ಇದೆಯಲ್ಲ, ಇಲ್ಲವೆ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದಿದೆಯಲ್ಲ, ಮೇಲೆ 500 ವ್ಯಾಟ್ ಅಂತ ಬರೆದೂ ಇದೆಯಲ್ಲ. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಲ್ಲಿ ದ್ರವವಿರುತ್ತದೆ. ವಯಸ್ಸಾದಂತೆ ಅದು ಆರುತ್ತ ಹೋಗುತ್ತದೆ, ಥಂಡಿಯಲ್ಲಿ ಒಳಗಿನ ಅಡ್ಡಿ ಇನ್ನೂ ಹೆಚ್ಚುತ್ತದೆ. ವೋಲ್ಟೇಜುಗಳು ನೆಲೆಗೊಂಡ ಮೇಲೆ 100ರಿಂದ 500 ಮಿಲಿಸೆಕೆಂಡಿನೊಳಗೆ ಎಸ್‌ಎಂಪಿಎಸ್ಸು 'ಪವರ್ ಗುಡ್' ಎಂಬ ಸಂಕೇತ ಕೊಟ್ಟರಷ್ಟೇ ಬೋರ್ಡು ಏಳುತ್ತದೆ. ಕೆಪಾಸಿಟರು ಸೋತಿದ್ದರೆ ವೋಲ್ಟೇಜೇ ತೂರಾಡುತ್ತದೆ, ಸಂಕೇತ ಬರುವುದೇ ಇಲ್ಲ. ಆದರೆ ಸೋತ ಪ್ರತಿ ಯತ್ನವೂ ಒಳಗೆ ಒಂದಿಷ್ಟು ಕಾವು ಬಿಟ್ಟು ಹೋಗುತ್ತದೆ. ನಾಲ್ಕು ಜನ ನಾಲ್ಕು ಸಲ ಒತ್ತಿ ಕಾಯಿಸಿದ್ದನ್ನು ಐದನೆಯವರು ಒತ್ತಿದಾಗ ಅದು ಏಳುತ್ತದೆ, ಮಾಸ್ತರರು ಯಾವಾಗಲೂ ಐದನೆಯವರು. ನಮ್ಮ ಸೀಮೆಯ ಬಿಸಿಲೂ ಅವರ ಪಕ್ಷವೇ. ಎಳ್ಳಮಾಸಿ ಹೊತ್ತಿಗೆ ಕೆಟ್ಟ ಯಂತ್ರಕ್ಕೆ ಜನವರಿಯಿಡೀ ಓಡಾಡಿದರೂ ನೆಟ್ಟಗಾಗುವುದಿಲ್ಲ. ಮಾರ್ಚಿನಲ್ಲಿ ಕೊನೆಯ ಸಲ ರಬ್ಬರು ಉಜ್ಜಿದ ಮೇಲೆ, ಬಿಸಿಲು ನಲವತ್ತು ದಾಟುವ ಏಪ್ರಿಲ್ ಮೇ ತಿಂಗಳಲ್ಲಿ ದೂರೇ ಇಲ್ಲ. ಕಲಬುರಗಿ ಜಿಲ್ಲೆಯ ಬೇಸಿಗೆಯನ್ನು ಹೊಗಳಿಕೊಳ್ಳುವ ಏಕೈಕ ವೃತ್ತಿ ಇದು ಇರಬೇಕು.

ರೋಗ ಮರಳಿ ಬರುವ ವ್ಯವಸ್ಥೆಯನ್ನೂ ಅವರೇ ಮಾಡಿಟ್ಟು ಹೋಗುತ್ತಾರೆ, ತಿಳಿಯದೆಯೇ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳುವ ಕಟ್ಟಪ್ಪಣೆ: "ರಾತ್ರಿ ಗೋಡಿ ಬೋರ್ಡಿನ ಸ್ವಿಚ್ ಬಂದ್ ಮಾಡೇ ಮಲಗ್ರಿ." ಸಿಡಿಲಿನ ದಿನ ಇದು ಸರಿಯಾದ ಮಾತೇ. ಉಳಿದ ದಿನ ಇದರಿಂದಾಗುವುದೇನೆಂದರೆ, ಎಸ್‌ಎಂಪಿಎಸ್ಸಿನಲ್ಲಿ ಸದಾ ಜೀವ ಹಿಡಿದಿರುವ 5 ವೋಲ್ಟಿನ ಸ್ಟ್ಯಾಂಡ್‌ಬೈ ಭಾಗವೂ ತಣ್ಣಗಾಗುತ್ತದೆ. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ದುರ್ಬಲವಾಗಿದ್ದರೆ ಬಯಾಸಿನ ಸೆಟ್ಟಿಂಗುಗಳು ರಾತ್ರೋರಾತ್ರಿ ಅಳಿಸಿಹೋಗುತ್ತವೆ, ಯಂತ್ರ ಬೆಳಿಗ್ಗೆ ತಾರೀಖನ್ನೂ ಮರೆತಿರುತ್ತದೆ, ರ‍್ಯಾಮಿನ ಪಾಠವನ್ನೂ ಮತ್ತೆ ಅ ಆ ಇ ಈಯಿಂದ ಕಲಿಯಬೇಕಾಗುತ್ತದೆ. ಹೊಸ ಬೋರ್ಡಿನಲ್ಲಿ ಬ್ಯಾಟರಿ ಖಾಲಿ ಇರುವುದು ಅಪರೂಪ, ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಬೋರ್ಡಿನಲ್ಲಿ ಅಷ್ಟೇನೂ ಅಪರೂಪವಲ್ಲ.

ಮಾಸ್ತರರಿಗೆ ಸಿದ್ಧಾಂತವಿಲ್ಲವೆಂದು ಯಾರೂ ತಿಳಿಯಬಾರದು. ಊರಿಗೊಂದು ಸಿದ್ಧಾಂತವಿದೆ, ಊರಿನಲ್ಲಿ ಏನು ಹೇರಳವಾಗಿ ಸಿಗುತ್ತದೋ ಅದರಿಂದಲೇ ಕಟ್ಟಿದ್ದು. ವಾಡಿಯವರು ಸಿಮೆಂಟಿನ ಧೂಳೆನ್ನುತ್ತಾರೆ. ಸೇಡಂನವರು ಫ್ಯಾಕ್ಟರಿಯ ದೊಡ್ಡ ಮೋಟಾರು ಎದ್ದಾಗ ವೋಲ್ಟೇಜು ಬೀಳುತ್ತದೆ ಎನ್ನುತ್ತಾರೆ. ಚಿಂಚೋಳಿಯವರು ಕಾಡಿನ ಥಂಡಿ ಗಾಳಿ, ಚಂದ್ರಂಪಳ್ಳಿ ಕೆರೆಯ ತೇವ ಎನ್ನುತ್ತಾರೆ. ಚಿತ್ತಾಪುರದವರು ವೈರಸ್ ಎನ್ನುತ್ತಾರೆ, ಪರದೆಯೇ ಬಾರದ ಯಂತ್ರಕ್ಕೆ ವಿಂಡೋಸ್ ಹೊಸದಾಗಿ ಹಾಕುವ ಧೈರ್ಯ ಅವರೊಬ್ಬರಿಗೇ ಉಂಟು. ಶಹಾಬಾದಿನವರು ಅರ್ಥಿಂಗ್ ಎನ್ನುತ್ತಾರೆ, ಐವರಲ್ಲಿ ಸತ್ಯಕ್ಕೆ ಅತಿ ಸಮೀಪ ಹೋದವರು ಇವರೇ. ಫರಸಿಗೆ ಹೆಸರಾದ ಊರಿನಲ್ಲಿ ಅಂಗಳದ ಕೆಳಗೆ ಸಿಗುವುದು ಸುಣ್ಣದಕಲ್ಲಿನ ಹಾಸು, ಬೇಸಿಗೆಯಲ್ಲಿ ಅದು ಒಣಗಿ ಕೊರಡು. ಉಪ್ಪು, ಇದ್ದಿಲು ತುಂಬಿ ನೀರು ಹೊಯ್ಯದಿದ್ದರೆ ಅರ್ಥಿಂಗ್ ಗುಂಡಿ ಹೆಸರಿಗಷ್ಟೇ ಗುಂಡಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ಸಿನ ಬಾಯಲ್ಲಿರುವ ಫಿಲ್ಟರ್ ಕೆಪಾಸಿಟರುಗಳು ಭೂಮಿಗೆ ಬಿಡಬೇಕಾದ ಸೋರಿಕೆ ದಾರಿ ಕಾಣದೆ ತಗಡಿನ ಮೇಲೆ ನಿಂತು, 230 ವೋಲ್ಟಿನ ಹೆಚ್ಚುಕಡಿಮೆ ಅರ್ಧದಷ್ಟು ಅಲ್ಲಿ ತೋರುತ್ತದೆ. ವಿದ್ಯುತ್ ಪ್ರಮಾಣ ತೀರ ಸಣ್ಣದಾದ್ದರಿಂದ ಜುಮ್ಮೆನ್ನುವುದಕ್ಕೇ ಮುಗಿಯುತ್ತದೆ. ಇದು ಸರಿಪಡಿಸಲೇಬೇಕಾದ ದೋಷ. ಆದರೆ ಅರ್ಥಿಂಗ್ ಇಲ್ಲದ್ದು ಮುಂಜಾನೆಗೂ ಸಂಜೆಗೂ ಒಂದೇ. ಯಂತ್ರ ಸಂಜೆ ಸರಿಯಾಗಿ ಏಳುವುದೇಕೆ ಎಂಬುದಕ್ಕೆ ಶಹಾಬಾದಿನ ಸಿದ್ಧಾಂತದಲ್ಲೂ ಉತ್ತರವಿಲ್ಲ. ಧೂಳು, ವೈರಸ್ಸುಗಳ ಮಾತಂತೂ ಬೇಡ.

ಹಾಗಾದರೆ ಮಾಸ್ತರರು ಶುದ್ಧ ನಿರರ್ಥಕರೇ ಎಂದು ಕೇಳುವವರಿದ್ದಾರೆ. ಅಲ್ಲ. ಅವರ ವಿದ್ಯೆಯಲ್ಲಿ ಒಂದೆರಡು ನಿಜವಾಗಿಯೂ ಫಲ ಕೊಡುವಂಥವು. ವೈರು ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು 'ಕರೆಂಟ್ ಇಳಿಸುವುದು' ಬರೀ ಮಂತ್ರವಲ್ಲ. ಶಾರ್ಟ್ ಆಯಿತೆಂದು ತನ್ನನ್ನು ತಾನೇ ಬೀಗ ಹಾಕಿಕೊಂಡ ಎಸ್‌ಎಂಪಿಎಸ್ಸು, ಮೇನ್ ಕರೆಂಟು ತೆಗೆದು ಒಳಗಿನ ಉಳಿಕೆ ಬತ್ತುವವರೆಗೆ ಬೀಗ ತೆರೆಯುವುದಿಲ್ಲ. ರ‍್ಯಾಮ್ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸುವುದೂ ಒಳ್ಳೆಯದೇ, ಅರ್ಧ ಕೂತ ರ‍್ಯಾಮು ಹೊಸ ಜೋಡಣೆಯ ಮಾಮೂಲಿ ತಪ್ಪು. ಅಲ್ಲಿ ಗುಣವಾದದ್ದು ಕೂರಿಸಿದ್ದರಿಂದ, ಹೆಸರು ಬಂದದ್ದು ರಬ್ಬರಿಗೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಬಿಡಿಭಾಗಗಳೆಲ್ಲ ಬರುವುದು ಸಿಕಂದರಾಬಾದಿನಿಂದ, 1874ರಲ್ಲಿ ವಾಡಿಯಿಂದ ಹಾಕಿದ ಅದೇ ಹಳಿಯ ಮೇಲೆ, ಎಷ್ಟೋ ಸಲ ಬಿಲ್ಲೂ ಇಲ್ಲದೆ. ಚಿಂಚೋಳಿಗಂತೂ ರೈಲೇ ಇಲ್ಲ. ವಾರಂಟಿಗಾಗಿ ಕ್ಯಾಬಿನೆಟ್ ಹೊತ್ತು ಸಿಕಂದರಾಬಾದಿನವರೆಗೆ ಯಾರು ಹೋಗುತ್ತಾರೆ? ಮಾಸ್ತರರು ಕರೆದ ದಿನ ಬರುತ್ತಾರೆ, ಒಂದು ಪ್ಲೇಟ್ ಸುಸಲಾ, ಎರಡು ಮಿರ್ಚಿಯಲ್ಲಿ ಕೆಲಸ ಮುಗಿಯುತ್ತದೆ. ಒಪ್ಪಿದೆ. ದೂರದ ಪರಿಣತರಿಗಿಂತ ಹತ್ತಿರದ ಮಾಸ್ತರರು ಅಗ್ಗ, ಅವರಿಗಿಂತ ಅಗ್ಗವಾದದ್ದು ಹತ್ತು ನಿಮಿಷ ಕಾಯುವುದು ಎಂಬುದಷ್ಟೇ ನನ್ನ ತಕರಾರು. ವಿಡಿಯೊ ನೋಡಿ ಕಲಿತ ಹೊಸ ಹುಡುಗರು ಇವರ ಜಾಗಕ್ಕೆ ಬರುತ್ತಿದ್ದಾರೆ, ಅವರು ರಬ್ಬರು ಮುಟ್ಟುವುದಿಲ್ಲ, ನಿಜ. ಆದರೆ ಎಸ್‌ಎಂಪಿಎಸ್ಸು, ರ‍್ಯಾಮು, ಬಯಾಸು, ಕೇಬಲ್ಲು ನಾಲ್ಕನ್ನೂ ಒಂದೇ ಸಂಜೆ ಬದಲಿಸಿ, ಗುಣವಾದದ್ದು ಯಾವುದರಿಂದ ಎಂದು ಕೇಳಿದರೆ "ಎಲ್ಲಾದರಿಂದ" ಎನ್ನುತ್ತಾರೆ. ಭ್ರಮೆ ಅದೇ, ಬಿಲ್ಲು ದೊಡ್ಡದು.

ಸರಿಯಾದ ಪತ್ತೆಗೆ ಬೇಕಾದದ್ದು ಬುದ್ಧಿವಂತಿಕೆಗಿಂತ ಹೆಚ್ಚಾಗಿ ಬೆಳಗುಗಳು. ಪ್ರೊಸೆಸರಿಗೆ ಕರೆಂಟು ಕೊಡುವ ಎಂಟು ಪಿನ್ನಿನ ವೈರು ಪೂರ್ತಿ ಕೂತಿದೆಯೇ, ರ‍್ಯಾಮುಗಳು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ, ನಾಲ್ಕನೆಯ ಸ್ಲಾಟಿನಲ್ಲಿವೆಯೇ, ಮಾನಿಟರಿನ ಕೇಬಲ್ಲು ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆಯೇ ಎಂದು ನೋಡುವುದು ಒಂದು ಸಂಜೆಯ ಕೆಲಸ. ಉಳಿದದ್ದು ದಿನಕ್ಕೊಂದು. ಇವತ್ತು ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಪೋ ಸೆಟ್ಟಿಂಗ್ ಬಂದ್ ಮಾಡಿ ರಾತ್ರಿಯಿಡೀ ತಣ್ಣಗಾಗಲು ಬಿಡಬೇಕು, ನಾಳೆ ಒಂದೇ ಒಂದು ಸಲ ಗುಂಡಿ ಒತ್ತಿ, ಯಾವ ದೀಪ ಎಷ್ಟು ಹೊತ್ತು ಉರಿಯಿತೆಂದು ಬರೆದಿಡಬೇಕು. ಮರುದಿನಕ್ಕೆ ಬಯಾಸ್ ಅಪ್‌ಡೇಟು, ಅದರ ಮರುದಿನಕ್ಕೆ ನೆರೆಮನೆಯಿಂದ ಎರವಲು ತಂದ ಎಸ್‌ಎಂಪಿಎಸ್ಸು. ಎಂಟು ದಿನದಲ್ಲಿ ಕಳ್ಳ ಸಿಗುತ್ತಾನೆ. ಇದೆಲ್ಲ ಮಾಸ್ತರರಿಗೆ ತಿಳಿಯದ್ದೇನಲ್ಲ. ಹೇಳಿ ನೋಡಿದರೆ ಅವರು ಸಿಟ್ಟಾಗುವುದೂ ಇಲ್ಲ. ಸ್ಕ್ರೂಡ್ರೈವರ್ ಜೇಬಿಗೆ ಸಿಕ್ಕಿಸಿಕೊಳ್ಳುತ್ತ ಮನೆಯ ಯಜಮಾನರ ಕಡೆ ಒಮ್ಮೆ ನೋಡಿ ಕೇಳುತ್ತಾರೆ: "ನಾ ಬಂದು ಕೈ ಹಚ್ಚದೇ, ಎಂಟು ದಿನ ಸುಮ್ನ ಕೂಡ್ರಿ ಅಂತ ಹೇಳಿ ಹೋದ್ರ, ಒಂಬತ್ತನೇ ದಿನ ನೀವು ಯಾರನ್ನ ಕರೀತೀರಿ, ಖರೇ ಹೇಳ್ರಿ?" ಯಜಮಾನರು ಖರೇ ಹೇಳುವವರಲ್ಲ, ಮಿರ್ಚಿ ತಟ್ಟೆಯನ್ನು ಇನ್ನಷ್ಟು ಮುಂದೆ ಸರಿಸುತ್ತಾರೆ.