‘ಎತ್ತೋದಷ್ಟೇ ನನ್ನ ಕೆಲಸ’: ಆಟೋನಗರದ ಜಾಕಿಯೊಡನೆ ಮಾತುಕತೆ

ಬಾಡಿ ಕಟ್ಟಿಸಲೆಂದು ಸಿಂಧನೂರಿನಿಂದ ವಿಜಯವಾಡದ ಜವಾಹರ್ ಆಟೋನಗರಕ್ಕೆ ಬಂದ ಲಾರಿಯೊಂದು ವಾಪಸ್ ಹೋಗುವಾಗ ಮರೆತು ಬಿಟ್ಟುಹೋದ ಬಾಟಲಿ ಜಾಕಿ ಇದು. ವೆಲ್ಡಿಂಗ್ ಕಿಡಿ, ಸುತ್ತಿಗೆ ಸದ್ದಿನ ನಡುವೆ ಗ್ರೀಸ್ ಡಬ್ಬದ ಪಕ್ಕ ಕೂತಿತ್ತು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಮಾತಿಗಿಳಿಯಿತು.

ಪ್ರಶ್ನೆ: ಊರು ಬಿಟ್ಟು ಬಂದು ಹೇಗಿದ್ದೀರಿ?

ಜಾಕಿ: ಆರಾಮ ಅದೀನ್ರಿ. ಸಿಂಧನೂರಿನ ಕ್ಯಾಂಪುಗಳಾಗ ತೆಲುಗು ಕೇಳಿ ಬೆಳದವ ನಾನು, ಭಾಷಾದ್ದೇನೂ ತ್ರಾಸಿಲ್ಲ. ಸೆಖಿ ಒಂದು ಜಾಸ್ತಿ. ಮೇ ತಿಂಗಳಾಗ ಡಾಂಬರು ಮೆತ್ತಗಾಗಿ, ಭಾರ ಬಿದ್ರ ನಾನೇ ಒಳಗ ಇಳೀತೀನಿ. ಅದಕ್ಕ ಇಲ್ಲಿ ಹುಡುಗ್ರು ನನ್ನ ಬುಡಕ್ಕ ದಪ್ಪ ಕಬ್ಬಿಣದ ತಗಡು ಹಾಕ್ತಾರ. ನಿಮ್ಮ ಮನಿ ಮುಂದ ನೆಲ ಹೆಂಗೈತಿ?

ಪ್ರಶ್ನೆ: ಗಟ್ಟಿ ಸಿಮೆಂಟು. ಮಳೆನೀರು ಹೋಗಲಿ ಅಂತ ಗೇಟಿನ ಕಡೆ ಸ್ವಲ್ಪ ಇಳಿಜಾರು.

ಜಾಕಿ: ಮಳಿನೀರು ಹೋದ ದಾರ್ಯಾಗ ಕಾರೂ ಹೋಗತೈತಿ.

ಪ್ರಶ್ನೆ: ಹ್ಯಾಂಡ್ ಬ್ರೇಕ್ ಹಾಕಿರ್ತೀವಲ್ಲ?

ಜಾಕಿ: ಅದು ಬಹಳಷ್ಟು ಕಾರಿನಾಗ ಹಿಂದಿನ ಎರಡು ಗಾಲಿ ಮಾತ್ರ ಹಿಡಿಯೋದು. ಹಿಂಬದಿ ಪೂರ್ತಿ ಎತ್ತಿದ್ರ ನಿಮ್ಮ ಹ್ಯಾಂಡ್ ಬ್ರೇಕು ಗಾಳಿ ಹಿಡ್ಕೊಂಡು ಕುಂತಿರತೈತಿ. ಮಟ್ಟಸ ಜಾಗಕ್ಕ ಕಾರು ತರ್ರಿ, ಗೇರಿನಾಗ ಇಡ್ರಿ, ನೆಲದ ಮ್ಯಾಲಿರೋ ಗಾಲಿಗೆ ಹಿಂದ-ಮುಂದ ಕಲ್ಲು ಕೊಡ್ರಿ. ಗಾಲಿ ಬಿಚ್ಚೋದಿದ್ರ ನಟ್ಟು ಸಡ್ಲ ಮಾಡೋದೂ ಎತ್ತೋಕಿಂತ ಮೊದ್ಲು. ಎತ್ತಿದ ಮ್ಯಾಲ ಪಾನಾ ಹತ್ತಿ ಕುಣಿಯೋ ಶೂರರನ್ನ ಭಾಳ ನೋಡೀನಿ.

ಪ್ರಶ್ನೆ: ಆದರೂ ನಿಮ್ಮ ಮೇಲೆ ಜನಕ್ಕೆ ಅಪಾರ ನಂಬಿಕೆ.

ಜಾಕಿ: ಅದೇ ನನ್ನ ಸಂಕಟ! ನನ್ನ ಹೊಟ್ಟ್ಯಾಗ ಇರೋದು ಎಣ್ಣಿ. ಸಣ್ಣ ಪಿಸ್ಟನ್ ಒತ್ತಿದ್ರ ದೊಡ್ಡದು ಏಳತೈತಿ. ನಿಯಮ ಪ್ಯಾಸ್ಕಲ್‌ದು. ಅದನ್ನ ಯಂತ್ರ ಮಾಡಿ 1795ರಾಗ ಪೇಟೆಂಟ್ ತಗೊಂಡವ ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಬೀಗ ಮಾಡೋದ್ರಾಗೂ ದೊಡ್ಡ ಹೆಸರು ಅವಂದು. ವಂಶ ದೊಡ್ಡದ್ರಿ ನಂದು. ಆದ್ರ ಮ್ಯಾಲ ಹೋದ ಎಣ್ಣಿ ಹಿಂದಕ್ಕ ಬರದಂಗ ತಡಿಯೋದು ಯಾರು? ಮೆಣಸಿನ ಕಾಳಿನಷ್ಟು ಒಂದು ಉಕ್ಕಿನ ಗುಂಡು. ಅದ್ರ ಬುಡಕ್ಕ ಒಂದು ಹರಳು ಮರಳು ಸಿಕ್ರ ಗುಂಡು ಪೂರ್ತಿ ಕೂರಂಗಿಲ್ಲ. ಎಣ್ಣಿ ಜಾರತೈತಿ, ನಾನು ಇಳೀತೀನಿ. ಹಾರ್ನ್ ಹೊಡ್ದು ಹೇಳೋ ಪದ್ಧತಿ ನಮ್ಮಾಗಿಲ್ಲ. ಸೀಲು ಹರಿದ್ರಂತೂ ಕೇಳಬ್ಯಾಡ್ರಿ. ಮೈಮ್ಯಾಲ ‘5 ಟನ್’ ಅಂತ ಬರ್ದಾರ, ಖರೆ. ಎಷ್ಟೊತ್ತು ಅಂತ ಎಲ್ಲಿ ಬರ್ದಾರ, ತೋರ್ಸ್ರಿ.

ಪ್ರಶ್ನೆ: ಅದಕ್ಕೇ ಪಕ್ಕದಲ್ಲಿ ಸಿಮೆಂಟ್ ಬ್ಲಾಕ್ ಇಟ್ಟಿರುತ್ತೇವೆ.

ಜಾಕಿ: (ಸ್ವಲ್ಪ ಹೊತ್ತು ಮಾತಾಡಲಿಲ್ಲ.) ಹಾಲೋ ಬ್ಲಾಕು ಗ್ವಾಡಿ ಕಟ್ಟಾಕ ಚಲೋ. ಅಲ್ಲಿ ಭಾರ ಅಗಲಕ್ಕ ಹಂಚಿ ಹೋಗತೈತಿ. ಕಾರಿನ ಕಬ್ಬಿಣದ ಅಂಚು ಒಂದೇ ಗೆರಿ ಮ್ಯಾಲ ಒತ್ತತೈತಿ. ಮರ ಆದ್ರ ಕಿರ್ ಅಂತ ಒಂದು ಮಾತು ಹೇಳಬಹುದು. ಬ್ಲಾಕು ಬಾಗಂಗಿಲ್ಲ, ಒಮ್ಮೆಲೇ ಪುಡಿ.

ಪ್ರಶ್ನೆ: ಡಿಕ್ಕಿಯಲ್ಲಿ ಕಂಪನಿಯೇ ಕೊಟ್ಟ ಜಾಕಿ ಇರುತ್ತಲ್ಲ?

ಜಾಕಿ: ಸ್ಟೆಪ್ನಿ ಹಾಕಾಕ ಹುಟ್ಟಿದ ಪಾಪದ ಹುಡುಗ ಅವ. ಅವನ ಭರವಸಿ ಮ್ಯಾಲ ಕಾರಿನ ಕೆಳಗ ಮಲಗಬ್ಯಾಡ್ರಿ.

ಪ್ರಶ್ನೆ: ಕಾನೂನು ನಿಮ್ಮನ್ನು ಗಮನಿಸಿಲ್ಲವೇ?

ಜಾಕಿ: 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮಿನಾಗ ಎತ್ತೋ ಯಂತ್ರಗಳ ಪಟ್ಟಿ ಕೊಟ್ಟಿದ್ರು. ಕ್ರೇನು, ವಿಂಚು, ಪುಲ್ಲಿ ಬ್ಲಾಕು. ಅವನ್ನ ವರ್ಷಕ್ಕೊಮ್ಮೆ ತಿಳಿದವರು ತಪಾಸಣೆ ಮಾಡಬೇಕಿತ್ತು. ನನ್ನ ಹೆಸರಿಲ್ಲ. ನಿಮ್ಮ ಮನಿ ಕಾರ್ಖಾನೆಯೂ ಅಲ್ಲ. ಆದ್ರ ನಂಗೂ ವಾರ್ಷಿಕ ತಪಾಸಣೆ ಆಗತೈತ್ರಿ: ಆಯುಧಪೂಜಿ ದಿನ ಅಮ್ಮನವ್ರು ಬಂದು ಕುಂಕುಮ ಹಚ್ಚಿ ಪಾಸು ಮಾಡಿ ಹೋಗ್ತಾರ. ಕಾರಿನ ನಾಲ್ಕು ಗಾಲಿಗೂ ನಿಂಬಿಹಣ್ಣು ಇಡ್ತೀರಿ, ಎತ್ತಿದ ಕಾರು ಹೊರೋ ಎರಡು ಜಾಕ್ ಸ್ಟ್ಯಾಂಡಿಗೆ ಮಾತ್ರ ರೊಕ್ಕ ಇರಂಗಿಲ್ಲ ನಿಮ್ಮತ್ರ.

ಪ್ರಶ್ನೆ: ಸ್ಟ್ಯಾಂಡಿನ ಬಗ್ಗೆ ನಿಮಗೆ ಮತ್ಸರ ಅಂತ ಕೇಳಿದೆ.

ಜಾಕಿ: ಇರಲಾರದ? ಎಣ್ಣಿಯಿಲ್ಲ, ಸೀಲಿಲ್ಲ, ಒಂದಿಂಚು ಎತ್ತಿದವನಲ್ಲ. ನಾನು ಎತ್ತಿ ಕೊಟ್ಟದ್ದನ್ನ ಹಿಡ್ಕೊಂಡು ಸುಮ್ನ ನಿಂತಿರ್ತಾನ. ಆದ್ರ ನಿಂತಿರ್ತಾನ ನೋಡ್ರಿ, ಅದು ನನ್ನ ಕೈಲಾಗಂಗಿಲ್ಲ. ಕಾರಿನ ಪುಸ್ತಕದಾಗ ತೋರ್ಸಿದ ಗಟ್ಟಿ ಜಾಗಕ್ಕ ಅವನ್ನ ಕೊಡ್ರಿ, ಆಯಿಲ್ ಚೇಂಬರಿಗಲ್ಲ. ಹಲ್ಲು ಸರಿಯಾಗಿ ಕುಂತೈತೇನು ನೋಡಿ, ನನ್ನ ನಿಧಾನಕ ಇಳಿಸಿ ಭಾರ ಅವನ ಮ್ಯಾಲ ಬಿಡ್ರಿ. ಆಮ್ಯಾಲ ಹೊರಗ ನಿಂತು, ಕಾರಿಗೆ ಕೈ ಕೊಟ್ಟು ಗಟ್ಟಿ ಅಲುಗಾಡ್ಸ್ರಿ. ಬೀಳೋದಿದ್ರ ಆಗಲೇ ಬೀಳ್ಲಿ. ಬಿಚ್ಚಿದ ಗಾಲಿಯನ್ನೂ ಅಡ್ಡಡ್ಡ ಕೆಳಗ ತಳ್ರಿ.

ಪ್ರಶ್ನೆ: ಮಾರುತಿ 800ಕ್ಕೂ ಇಷ್ಟೆಲ್ಲ ಬೇಕೇ? ಸುಮಾರು 650 ಕೆಜಿ ಅಷ್ಟೇ.

ಜಾಕಿ: ಅದ್ರ ಕಾಲು ಪಾಲು ಎದಿ ಮ್ಯಾಲ ಇಟ್ಕೊಂಡು ಇದೇ ಪ್ರಶ್ನೆ ಕೇಳ್ರಿ.

ಪ್ರಶ್ನೆ: ಓದುಗರಿಗೆ ಕೊನೆಯದಾಗಿ?

ಜಾಕಿ: ಸ್ಟ್ಯಾಂಡು ಒಂಟಿ ಕೊಳ್ಳಬ್ಯಾಡ್ರಿ, ಜೋಡಿ ಕೊಳ್ರಿ. ಆಗಂಗಿಲ್ಲಂದ್ರ ಕಾರಿನ ಕೆಳಗಿನ ಕೆಲ್ಸ ಮೆಕ್ಯಾನಿಕ್‌ಗೆ ಬಿಡ್ರಿ. ಹಂಗೇ, ಸಿಂಧನೂರಿನ ಲಾರಿ ಯಾವುದಾದ್ರೂ ಕಂಡ್ರ ನಾನಿಲ್ಲೇ ಅದೀನಿ ಅಂತ ಹೇಳ್ರಿ.